ಬಿಗಿಯಾದ ಕಡಗ

ವರದಾ ನದಿಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿನ ಅಜ್ಜಾರು ಬಂದವರಿಗೆಲ್ಲ ಔಷಧಿ ಕೊಡುತ್ತಿದ್ದರು. ಶಿಷ್ಯ ಮೃಡಯ್ಯ ಮದ್ದು ಅರೆಯುವುದರಲ್ಲಿ ಎತ್ತಿದ ಕೈ. ಅದು ಅವನಿಗೂ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಫಕೀರವ್ವ ಎರಡು ವರ್ಷದ ಮಗ ಕಲ್ಮೇಶನನ್ನು ಎತ್ತಿಕೊಂಡು ದಿನಾ ಬರುತ್ತಿದ್ದಳು. ಮೊದಲು ಜ್ವರ, ಮೃಡಯ್ಯ ಕಷಾಯ ಕೊಟ್ಟ. ಮರುದಿನ ಕಣ್ಣು ಕೆಂಪಾದವು, ಕಾಡಿಗೆ ಹಚ್ಚಿದ. ತುಟಿ ಒಡೆಯಿತು, ತುಪ್ಪ ಸವರಿದ. ಮೈಮೇಲೆ ದದ್ದು ಎದ್ದವು. ಬೇವಿನ ಲೇಪ ಬಳಿದ. ಒಂದೊಂದಕ್ಕೂ ಅವನ ಹತ್ತಿರ ಒಂದೊಂದು ಮದ್ದಿತ್ತು.

ಐದನೆಯ ದಿನವೂ ಜ್ವರ ಬಿಡಲಿಲ್ಲ. ಕೂಸಿನ ಅಳುವೂ ನಿಲ್ಲಲಿಲ್ಲ.

“ಕೈಯಾನ ಕಡಗ ಬಿಗಿ ಆಗೇದರಿ,” ಎಂದಳು ಫಕೀರವ್ವ. “ಮೊನ್ನೆ ಮೊನ್ನೆ ಜಾರಿ ಬೀಳತಿತ್ತು.”

“ಕೂಸು ಮೈ ತುಂಬಿಕೊಳ್ಳಾಕತ್ತೈತಿ, ಖುಷಿ ಪಡವಾ,” ಎಂದ ಮೃಡಯ್ಯ.

ಜಗಲಿ ದಾಟುತ್ತಿದ್ದ ಅಜ್ಜಾರು ಗಕ್ಕನೆ ನಿಂತರು.

“ಉಣ್ಣತೈತೇನವಾ ಕೂಸು?”

“ಎಲ್ಲೀದ್ರಿ ಅಜ್ಜಾರ, ನೀರು ಸೈತ ನುಂಗವಲ್ದ್ರಿ.”

ಅಜ್ಜಾರು ಶಿಷ್ಯನ ಕಡೆ ತಿರುಗಿದರು. “ಉಣ್ಣದ ಕೂಸು ಹೆಂಗ ಮೈ ತುಂಬಿಕೊಳ್ಳತೈತೋ?”

ಮೃಡಯ್ಯ ಕೈಯಲ್ಲಿದ್ದ ಲೇಪದ ಬಟ್ಟಲು ಕೆಳಗಿಟ್ಟ.

“ಬೆಚ್ಚನ ನೀರು ತಾ.”

ಅಜ್ಜಾರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕಡಗ ಮೆಲ್ಲಗೆ ಬಿಡಿಸಿ, ಮೈ ತೊಳೆದರು. ಕಾಡಿಗೆ ಹೋಯಿತು, ತುಪ್ಪ ಹೋಯಿತು, ಲೇಪ ಹೋಯಿತು. ಮೃಡಯ್ಯನ ವಿದ್ಯೆಯೆಲ್ಲ ಬೋಗುಣಿಯ ತಳಕ್ಕಿಳಿಯಿತು.

“ಈಗ ನೋಡು.”

ಕಣ್ಣು ಕೆಂಪು, ಆದರೆ ಕೀವಿಲ್ಲ. ನಾಲಗೆ ಕೆಂಪಗೆ, ದೊರಗು ದೊರಗಾಗಿತ್ತು. ಕುತ್ತಿಗೆಯ ಒಂದು ಮಗ್ಗುಲಲ್ಲಿ ಗಂಟು. ಅಂಗೈ, ಅಂಗಾಲು ಬಾತಿದ್ದವು. ಎಲ್ಲವೂ ಒಟ್ಟಿಗೆ ಕಂಡಾಗ ಮೃಡಯ್ಯ ಕೂಸಿನ ಪಕ್ಕದಲ್ಲೇ ಕುಕ್ಕರಿಸಿದ.

“ಇವು ಬ್ಯಾರೆ ಬ್ಯಾರೆ ಬ್ಯಾನಿ ಅಲ್ಲೋ, ಒಂದ,” ಎಂದರು ಅಜ್ಜಾರು. “ರಕ್ತನಾಳದಾಗ ಉರಿ ಎದ್ದೈತಿ. ತಡ ಆದ್ರ ಎದೀಗೆ ಪೆಟ್ಟು. ಈಗಿಂದೀಗ ಹುಬ್ಬಳ್ಳಿಯ ಮಕ್ಕಳ ದವಾಖಾನಿಗೆ ಹೋಗಬೇಕು.”

“ನಮ್ಮ ಹತ್ರ ಮದ್ದಿಲ್ಲೇನ್ರಿ?” ಮೃಡಯ್ಯನ ದನಿ ಸಣ್ಣದಾಗಿತ್ತು.

“ಐತಿ. ಜೀಪು.”

ಮೃಡಯ್ಯ ತಾನೇ ತಾಯಿ-ಕೂಸನ್ನು ಜೀಪು ಹತ್ತಿಸಿ, ಜೊತೆಗೆ ಹೋದ. ದಾರಿಯುದ್ದಕ್ಕೂ ಆ ಪುಟ್ಟ ಅಂಗಾಲು ಅವನ ಕೈಯಲ್ಲೇ ಇತ್ತು. ದವಾಖಾನೆಯಲ್ಲಿ ರಕ್ತನಾಳಕ್ಕೆ ಔಷಧಿ ಏರಿಸಿದರು. ಜ್ವರ ಇಳಿಯಿತು. ಹೃದಯದ ಚಿತ್ರ ತೆಗೆದ ಡಾಕ್ಟರು, “ಸರಿಯಾದ ಹೊತ್ತಿಗೆ ತಂದಿರಿ,” ಎಂದರು. ಮೃಡಯ್ಯ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ.

ಕೆಲವು ವಾರ ಕಳೆದ ಮೇಲೆ ಫಕೀರವ್ವ ಮತ್ತೆ ಬಂದಳು. ಕೂಸಿನ ಬೆರಳ ತುದಿಯಲ್ಲಿ ಸಿಪ್ಪೆ ಸುಲಿದಿತ್ತು; ಹಾಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಕಲ್ಮೇಶ ಅಜ್ಜಾರ ಗಡ್ಡಕ್ಕೆ ಕೈ ಹಾಕಿ ಜಗ್ಗಿದ. ಕಡಗ ಜಾರಿ ನೆಲದ ಮೇಲೆ ಉರುಳಿತು. ಅದನ್ನು ನೋಡಿ ತಾಯಿ ನಕ್ಕಳು.

ಅಷ್ಟರಲ್ಲಿ ಇನ್ನೊಬ್ಬ ತಾಯಿ, ಮೈ ಸುಡುವ ಮಗುವಿನೊಂದಿಗೆ ಮೆಟ್ಟಿಲು ಹತ್ತಿದಳು. ಮೃಡಯ್ಯ ಎದ್ದ. ಹೊರಟದ್ದು ಅರೆಯುವ ಕಲ್ಲಿನ ಕಡೆಗಲ್ಲ.

“ಎಲ್ಲಿಗೋ?” ಎಂದರು ಅಜ್ಜಾರು.

“ಬೆಚ್ಚನ ನೀರು ತರತೇನ್ರಿ.”

“ಒಂದು ತಂಬಿಗಿ ಹೆಚ್ಚಿಗಿ ತಾ. ಆವಾಗ ಐದು ದಿನ ನಾನೂ ಇದ ಜಗಲಿ ದಾಟಿ ಅಡ್ಡಾಡೇನಿ. ನನ್ನ ಕಣ್ಣೂ ತೊಳಕೋಬೇಕು.”