ಕುಕ್ಕರಿನ ಸೀಟಿಯೂ ವಾರಿಜಾಳ ಕೇಕೂ

ತಾನು ಕೂಗಿದರೇ ಅನ್ನ ಬೇಯುವುದು, ತಾನು ಕರೆದರೇ ಮನೆಯವರು ಊಟಕ್ಕೆ ಏಳುವುದು ಎಂದು ಕುಕ್ಕರಿನ ಸೀಟಿ ಗಟ್ಟಿಯಾಗಿ ನಂಬಿತ್ತು. ಹೀಗಿರುವಾಗ ಒಂದು ಮಧ್ಯಾಹ್ನ ವಾರಿಜಾ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಅದರ ಮೇಲೆ ಕೇಕಿನ ಹಿಟ್ಟು ತುಂಬಿದ ಡಬ್ಬಿಯಿಟ್ಟು, ಸೀಟಿಯನ್ನೂ ಗ್ಯಾಸ್ಕೆಟ್ಟನ್ನೂ ಕಳಚಿ ಕಟ್ಟೆಯ ಮೇಲಿಟ್ಟಳು. ಸೀಟಿಗೆ ಸಿಡಿಲು ಬಡಿದಂತಾಯಿತು.

"ಏನಯ್ಯಾ ಕುಕ್ಕರಪ್ಪ, ನನ್ನನ್ನು ಬಿಟ್ಟು ಬೇಯಿಸುತ್ತೀಯಾ?"

"ಕೇಕಿಗೆ ನೀನು ಬೇಡವಂತೆ," ಎಂದಿತು ಕುಕ್ಕರು.

"ಹಾಗಾದರೆ ಬೆಂದದ್ದನ್ನು ಸಾರುವವರು ಯಾರು? ಮನೆಯವರನ್ನು ಕರೆಯುವವರು ಯಾರು? ಇವತ್ತು ಇವರಿಗೆಲ್ಲ ಹಸಿ ಹಿಟ್ಟೇ ಗತಿ. ಅದು ಬೆಂದರೆ ನಾನು ಇನ್ನೆಂದೂ ಬಾಯಿ ತೆರೆಯುವುದಿಲ್ಲ!"

"ಅಂಥ ಆಣೆಯೆಲ್ಲ ಇಡಬೇಡ ಮಾರಾಯ," ಎಂದಿತು ಪಕ್ಕದಲ್ಲಿದ್ದ ಗ್ಯಾಸ್ಕೆಟ್ಟು. "ನಾಳೆ ಬೇಳೆ ಬೇಯಬೇಕು."

ಮುಕ್ಕಾಲು ಗಂಟೆ ಕಳೆಯಿತು. ತಾನು ಕೂರುತ್ತಿದ್ದ ತೂತನ್ನೇ ಸೀಟಿ ದಿಟ್ಟಿಸುತ್ತಿತ್ತು. ಅಲ್ಲಿಂದ ಸದ್ದಿಲ್ಲದೆ ಏಲಕ್ಕಿಯ ಘಮ ಎದ್ದು ನಡುಮನೆಗೆ ಹೋಯಿತು. ಕುರ್ಚಿ ಸರಿಯಿತು. ವಾರಿಜಾಳ ಮಾವ ತಟ್ಟೆ ಹಿಡಿದೇ ಬಾಗಿಲಿಗೆ ಬಂದರು. ಅವರ ಎರಡೂ ಕಿವಿ ಕೇಳದಾಗಿ ಹತ್ತು ವರ್ಷವಾಗಿತ್ತು.

"ಬೆಂದಾಯ್ತೇನಮ್ಮಾ?"

ಸೀಟಿ ಬೆಚ್ಚಿಬಿದ್ದಿತು. "ಹಾಗಾದರೆ ಇಷ್ಟು ವರ್ಷ ಇವರಿಗೆ ನನ್ನ ಕೂಗು?"

"ಒಂದು ದಿನವೂ ಕೇಳಿಸಿಲ್ಲ," ಎಂದಿತು ಗ್ಯಾಸ್ಕೆಟ್ಟು. "ಆದರೆ ಊಟಕ್ಕೆ ಒಂದು ದಿನವೂ ತಡವಾಗಿ ಬಂದವರಲ್ಲ."