ದೇವರನ್ನು ಹಂಗಿಸಿದ ಬಂಡೆಯ ಮಹಿಮೆ

ದೇವತೆಗಳು ಮನುಷ್ಯರ ಹಬ್ಬಕ್ಕೆ ತಾವೇ ಬಂದು ಹೋಗುತ್ತಿದ್ದ ಪುರಾತನ ಯುಗದಲ್ಲಿ, ಗ್ರೀಕರ ನಾಡಿನ ಲಿಥೋನೆ ಎಂಬ ಬೆಟ್ಟದೂರಿನಲ್ಲಿ ಲ್ಯೂಕಾನನೆಂಬ ಮೇಕೆ ಕಾಯುವವನಿದ್ದನು. ಅವನ ಮೇಕೆಗಳು ಬಹಳ ಸಾಧು. ನಾಲಿಗೆ ಹಾಗಲ್ಲ.

ಆ ಊರಿನ ಆರಾಧ್ಯದೈವ ದ್ರಾಕ್ಷಾರಸದ ಒಡೆಯನಾದ ಡಯೋನೈಸಸ್. ಅವನ ಹಬ್ಬದಂದು ಜನರು ರಸದ ಗಸಿಯನ್ನು ಮುಖಕ್ಕೆ ಬಳಿದುಕೊಂಡು, ಗಾಡಿಗಳ ಮೇಲೆ ನಿಂತು, ಎದುರು ಗಾಡಿಯವರನ್ನು ಬಾಯಿಗೆ ಬಂದಂತೆ ಹಂಗಿಸಬೇಕು. ಅದೇ ಪೂಜೆ. ಹಂಗಿಸಿಕೊಂಡವರು ಮುನಿಯುವಂತಿಲ್ಲ. ದೇವರ ಮರದ ವಿಗ್ರಹವಿದ್ದ ಗಾಡಿ ಬಂದಾಗ ಮಾತ್ರ ಎಲ್ಲರೂ ಬಾಯಿ ಮುಚ್ಚಿ ತಲೆಬಾಗುತ್ತಿದ್ದರು.

ಒಂದು ವರ್ಷ ಗಸಿ ಲ್ಯೂಕಾನನ ಕಣ್ಣಿಗಿಳಿಯಿತು. ಎದುರಿಗೆ ಮಸುಕಾಗಿ ಕಂಡ ದಪ್ಪ ಆಕೃತಿಯನ್ನು ಅವನು ತನ್ನ ಷಡ್ಡಕನೆಂದೇ ಬಗೆದನು.

“ಏನಯ್ಯಾ ಹೊಟ್ಟೆರಾಯ, ದ್ರಾಕ್ಷಿ ತುಳಿಯೋಕೆ ನಾವು, ಕುಡಿಯೋಕೆ ನೀನೋ? ನಾಲ್ಕು ಹೆಜ್ಜೆ ನಡೆಯೋಕೂ ನಿನಗೆ ಗಾಡಿ ಬೇಕೇನು?”

ಯಾರೂ ನಗಲಿಲ್ಲ.

“ನಿನ್ನ ಬಾಯಿಗೆ ಮಣ್ಣು ಹಾಕ, ಅದು ದೇವರು ಕಣೋ,” ಎಂದಳು ಹೆಂಡತಿ ಮೆಲೀಟೆ.

ಅರ್ಚಕನಾದ ಎವನೋರನು ದೈವನಿಂದಕನನ್ನು ಊರ ತುದಿಯ ಬಂಡೆಯಿಂದ ಕೆಳಗೆ ನೂಕಬೇಕೆಂದು ವಿಧಿಸಿದನು. ಜನರು ಲ್ಯೂಕಾನನನ್ನು ಬಂಡೆಯ ಅಂಚಿಗೆ ತಂದು ನಿಲ್ಲಿಸಿದರು, ದೇವರ ಗಾಡಿಯೂ ಹಿಂದೆಯೇ ಬಂದಿತು. ಕಡೆಯ ಮಾತೇನಾದರೂ ಉಂಟೇ ಎಂದು ಅರ್ಚಕನು ಕೇಳಿದನು.

“ಷಡ್ಡಕ ಅಂದುಕೊಂಡೆ ಸ್ವಾಮಿ. ದೇವರಿಗೆ ಅಂತ ಗೊತ್ತಿದ್ದರೆ ಇನ್ನೂ ಚೆನ್ನಾಗಿ ಯೋಚಿಸಿಕೊಂಡು ಬರುತ್ತಿದ್ದೆ.”

ಆಗ ಗಾಡಿಯ ಮೇಲಿನ ವಿಗ್ರಹದಿಂದ ನಗುವೊಂದು ಹೊರಟು ಬೆಟ್ಟವನ್ನೆಲ್ಲ ಸುತ್ತಿ ಬಂದಿತು. ಹಿಂದೆಯೇ ವಾಣಿಯಾಯಿತು: “ನನ್ನ ಹಬ್ಬಕ್ಕೆ ನನ್ನನ್ನೇ ಕರೆತಂದು, ನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಹಂಗಿಸುತ್ತಿದ್ದಿರಿ. ಪ್ರತಿ ವರ್ಷವೂ ಪರವೂರಿನ ನೆಂಟನಂತೆ ಸುಮ್ಮನೆ ಕುಳಿತಿದ್ದೆ. ಇಂದು ಇವನು ನನ್ನನ್ನು ಮನೆಯವನೆಂದು ತಿಳಿದನು. ಅವನನ್ನು ಬಿಡಿ. ಆ ಬಂಡೆಯ ಮೇಲೆಯೇ ನಿಂತು ಮುಂದುವರಿಸಲಿ. ನನಗೆ ಮುಂದಿನ ಸಾಲಿನಲ್ಲಿ ಜಾಗ ಮಾಡಿ.”

ಲ್ಯೂಕಾನನು ಸಂಜೆಯವರೆಗೂ ಮುಂದುವರಿಸಿದನು. ಕೊಲ್ಲುವ ಬಂಡೆ ಹೀಗೆ ಆಟದ ರಂಗವಾಯಿತು. ಹಾಸ್ಯನಾಟಕವು ದೇವರ ಸೇವೆಯಾಯಿತು. ಬಂಡೆಯ ಮೇಲಿನ ನೇರಳೆ ಕಲೆ ಅವನ ಮುಖದಿಂದ ತೊಟ್ಟಿಕ್ಕಿದ ಗಸಿಯದು. ಎಷ್ಟು ಮಳೆ ಬಂದರೂ ಅದು ಹೋಗಿಲ್ಲ. ಎದುರಿಗೆ ದೇವರ ಕಲ್ಲಾಸನವಿದೆ, ಅದಕ್ಕೆ ತಾಗಿದಂತೆ ಅರ್ಚಕನ ಆಸನ. ಭಕ್ತರು ಮೊದಲು ದೇವರನ್ನು ಒಂದು ಮಾತು ಹಂಗಿಸಿ, ಆಮೇಲೆ ಕೈಮುಗಿಯಬೇಕು. ದೇವರು ನಕ್ಕನೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ, ಅವನು ನಗುತ್ತಾನೆಂದು ಎಲ್ಲರಿಗೂ ಗೊತ್ತು. ಅವರು ನೋಡುವುದು ಅರ್ಚಕನ ಮುಖವನ್ನು.