ಹೊನ್ನಯ್ಯ ಹೊಡೆದ ಹಳೆಯ ಗಂಟೆ

ಮಾಗಳಗಡದ ಅರಸ ಬಿಲ್ಲಪ್ಪ ನಾಯಕನಿಗೆ ತಾನು ಬಹಳ ದೊಡ್ಡ ಮನಸ್ಸಿನವನು ಎಂಬ ನಂಬಿಕೆ ಇತ್ತು. ಆ ನಂಬಿಕೆಯನ್ನು ಅವನಷ್ಟು ಗಟ್ಟಿಯಾಗಿ ಊರಿನಲ್ಲಿ ಬೇರೆ ಯಾರೂ ಹಿಡಿದುಕೊಂಡಿರಲಿಲ್ಲ.

"ಹೆರಿಗೆಗೆ ರಜೆ ಕೊಡುತ್ತೇನೆ, ಕಾಯಿಲೆಗೆ ಕೊಡುತ್ತೇನೆ. ಇಂಥ ಅರಸ ಬೇರೆ ಎಲ್ಲಾದರೂ ಇದ್ದಾನೆಯೇ?" ಎಂದು ಅವನು ಒಂದು ದಿನ ತುಂಬಿದ ಸಭೆಯಲ್ಲಿ ಕೇಳಿದ.

"ಎಲ್ಲೂ ಇಲ್ಲ ಪ್ರಭು," ಎಂದಿತು ಸಭೆ. ಸಭೆಗೆ ಅದು ಬಾಯಿಪಾಠವಾಗಿತ್ತು.

ಅಷ್ಟರಲ್ಲಿ ಹೊನ್ನಯ್ಯ ಬಂದು ಅಡ್ಡಬಿದ್ದ. ಕೋಟೆಯ ಗೋಪುರದಲ್ಲಿ ಹಗಲಿನ ಗಂಟೆ ಹೊಡೆಯುವವನು ಅವನು, ಹೆಂಡತಿಯ ಹೆರಿಗೆಗೆಂದು ರಜೆಯಲ್ಲಿದ್ದ. ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು, ಊಟಕ್ಕೊಂದು, ಸಭೆಗೊಂದು, ಸಂಜೆ ದೀಪ ಹಚ್ಚಿ ಕೋಟೆಯ ಬಾಗಿಲು ಹಾಕುವುದಕ್ಕೊಂದು. ಗಂಟೆ ಕೇಳಿದರೆ ಅರಮನೆಯಲ್ಲಿ ಯಾರೂ ಮರುಮಾತಾಡುವಂತಿರಲಿಲ್ಲ. ಹಿಂದೊಮ್ಮೆ "ಅನ್ನ ಇನ್ನೂ ಬೆಂದಿಲ್ಲ" ಎಂದ ಅಡುಗೆಯವನನ್ನು ಅರಸ ಬಿಸಿಲಲ್ಲಿ ನಿಲ್ಲಿಸಿದ್ದ.

"ಬಂದೆಯಾ? ಮಗು ಹೇಗಿದೆ?" ಎಂದ ಅರಸ.

"ಹೆಣ್ಣು ಮಗು ಬುದ್ಧಿ, ಚೆನ್ನಾಗೈತೆ. ಹೆಂಡ್ತಿಗೆ ಮಾತ್ರ ಇನ್ನೂ ಎದ್ದು ಕೂರೋಕಾಗಲ್ಲ. ಹಗಲು ಅಕ್ಕ ನೋಡ್ಕೋತಾಳೆ, ಸಂಜೆಗೆ ನಾನೇ ಹೋಗ್ಬೇಕು. ನಾಳೆಯಿಂದ ಕೆಲಸಕ್ಕೆ ಬರ್ತೀನಿ."

"ಸಂತೋಷ. ಹಾಗಾದರೆ ನೀನಿಲ್ಲದಾಗ ತಪ್ಪಿದ ಗಂಟೆಗಳನ್ನೆಲ್ಲ ಹೊಡೆದು ಮುಗಿಸು. ಮುಗಿಯುವವರೆಗೆ ಗೋಪುರ ಇಳಿಯಬೇಡ."

ಹೊನ್ನಯ್ಯ ತಟ್ಟನೆ ತಲೆ ಎತ್ತಿದ. "ಆ ದಿನಗಳು ಆಗೋದ್ವಲ್ಲ ಬುದ್ಧಿ. ಅವುಕ್ಕೆ ನನ್ನ ಬದ್ಲು ಕಾವಲಿನವನು ಗಂಟೆ ಹೊಡೆದವ್ನೆ. ಈಗ ನಾನು ಹೊಡೆದ್ರೆ ಯಾರಿಗೆ ಬೇಕು?"

"ಅದು ಅವನು ಹೊಡೆದದ್ದು. ನಿನ್ನದು ಹಾಗೇ ಬಾಕಿ ಇದೆ. ನಾನು ಕೊಟ್ಟದ್ದು ರಜೆ, ಕೆಲಸ ಮನ್ನಾ ಮಾಡಲಿಲ್ಲ. ಆಗದಿದ್ದರೆ ಹೇಳು, ಆ ಜಾಗಕ್ಕೆ ಕಾವಲಿನವನೇ ಖಾಯಂ. ಸೋಮಾರಿಗಳು ನನಗೆ ಬೇಡ."

ಹೆಂಡತಿಯ ಹತ್ತಿರ ಹೋದರೆ ಕೆಲಸ ಹೋಗುತ್ತದೆ, ಕೆಲಸ ಉಳಿಸಿಕೊಂಡರೆ ಸಂಜೆಯ ಮೇಲೆ ಹೆಂಡತಿ ಮಗು ನೋಡುವವರಿಲ್ಲ. ಹೊನ್ನಯ್ಯ ಆಸ್ಥಾನದ ಜಾಣ ತಿಪ್ಪರಸನ ಕಡೆ ನೋಡಿದ. ತಿಪ್ಪರಸ ಆಗಲೇ ಕೈಮುಗಿದು ಎದ್ದು ನಿಂತಿದ್ದ.

"ಎಂಥ ಅಪ್ಪಣೆ ಪ್ರಭು! ಒಂದೆರಡು ಸಂದೇಹ ಮಾತ್ರ. ಹಳೆಯ ಗಂಟೆ ಮೊದಲೋ, ಇವತ್ತಿನದು ಮೊದಲೋ?"

"ಹಳೆಯ ಬಾಕಿ ಮೊದಲು. ಅದನ್ನೂ ಕೇಳಬೇಕೇ?"

"ಎಲ್ಲವನ್ನೂ ಒಂದೇ ಸಲ ಬಡಿದುಬಿಟ್ಟರೆ?"

"ಅದು ಮೋಸ. ಒಂದು ಗಂಟೆಯ ಕೆಲಸ ಮುಗಿದ ಮೇಲೆಯೇ ಇನ್ನೊಂದು."

"ಹಳೆಯ ಗಂಟೆಗೂ ಎಲ್ಲರೂ ನಡೆದುಕೊಳ್ಳಬೇಕಷ್ಟೆ?"

"ಗಂಟೆ ಅಂದಮೇಲೆ ಗಂಟೆ. ನಾನೇ ಅದಕ್ಕೆ ತಲೆಬಾಗುತ್ತೇನೆ, ಉಳಿದವರದೇನು?" ಎಂದು ಅರಸ ಮೀಸೆ ತಿರುವಿದ.

"ಅಷ್ಟು ಸಾಕು ಪ್ರಭು," ಎಂದು ತಿಪ್ಪರಸ ಕುಳಿತುಕೊಂಡ.

ಮರುದಿನ ಬೆಳಗಾಗುವ ಮೊದಲೇ ಏಳುವ ಗಂಟೆಯಾಯಿತು. ಅರಸ ಎದ್ದ. ಸ್ನಾನದ ಗಂಟೆಯಾಯಿತು, ಮಿಂದ. ತಲೆ ಒರೆಸುತ್ತಿದ್ದಂತೆ ಊಟದ ಗಂಟೆ. ಎಲೆಯ ಮುಂದಿನಿಂದ ಏಳುತ್ತಿದ್ದಂತೆ ಸಭೆಯ ಗಂಟೆ. ಸಭೆ ಕೂತಿತು, ಆಕಳಿಸಿತು, ಎದ್ದಿತು. ಆಗಷ್ಟೇ ಹುಟ್ಟಿದ ಸೂರ್ಯನ ಎದುರಿಗೆ ಊಳಿಗದವರು ಸಾಲಾಗಿ ದೀಪ ಹಚ್ಚಿದರು. ಕೋಟೆಯ ಬಾಗಿಲು ಮುಚ್ಚಿತು. ಹಾಲಿನವಳು ಹೊರಗೆ ಉಳಿದಳು, ಅವಳ ಎಮ್ಮೆ ಒಳಗೆ ಉಳಿಯಿತು.

ಮತ್ತೆ ಏಳುವ ಗಂಟೆ. ಅರಸ ಎದ್ದೇ ಇದ್ದನಾದ್ದರಿಂದ, ಒಮ್ಮೆ ಮಲಗಿ ಎದ್ದ.

"ನೀರು ಕಾಯ್ದಿದೆ ಪ್ರಭು," ಎಂದ ಸ್ನಾನದ ಊಳಿಗದವನು.

"ಈಗ ತಾನೇ ಮಿಂದೆನಲ್ಲೋ!"

"ಗಂಟೆ ಆಯಿತಲ್ಲ ಪ್ರಭು."

ಅರಸ ಮಿಂದ. ಉಂಡ. ಅಡುಗೆಯವನಿಗೆ ಹಳೆಯ ಬಿಸಿಲು ಚೆನ್ನಾಗಿ ನೆನಪಿತ್ತು. ಅನ್ನ ಸ್ವಲ್ಪವೂ ಕಡಿಮೆಯಾಗದಂತೆ ಬಡಿಸಿದ. ದೀಪ ಹಚ್ಚಿದರು, ಆರಿಸಿದರು. ಮೂರನೆಯ ಸ್ನಾನಕ್ಕೆ ನೀರು ಕಾಯಲು ಹೊತ್ತು ಸಾಲಲಿಲ್ಲ, ಅರಸನ ಹಲ್ಲು ಕಟಕಟ ಎನ್ನತೊಡಗಿತು. ಮೂರನೆಯ ಊಟದ ಗಂಟೆ ಕೇಳಿದಾಗ, ಅಡುಗೆಯವನು ಹೋಳಿಗೆಯ ತಟ್ಟೆ ಹಿಡಿದು ಬರುವುದನ್ನು ಕಂಡು ಅವನು ಹಿತ್ತಿಲ ಬಾಗಿಲಿನಿಂದ ಓಡಿದ.

ಗೋಪುರದ ಕೆಳಗೆ ತಿಪ್ಪರಸ ನೆರಳಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ.

"ತಿಪ್ಪರಸಾ, ಈಗ ಹೊತ್ತೆಷ್ಟು?" ಎಂದ ಅರಸ, ಏದುಸಿರು ಬಿಡುತ್ತ.

"ಹೊನ್ನಯ್ಯನ ಮಗಳು ಹುಟ್ಟಿ ಮೂರನೆಯ ದಿನದ ಊಟದ ಹೊತ್ತು ಪ್ರಭು."

"ನಾನು ಕೇಳಿದ್ದು ಇವತ್ತಿನದು!"

"ಇವತ್ತು ಇನ್ನೂ ಬಂದಿಲ್ಲ. ಹಳೆಯದು ಮೊದಲು ಎಂದು ತಮ್ಮ ಅಪ್ಪಣೆ. ಪಾಪ, ಇವತ್ತು ಹಾಲಿನವಳ ಜೊತೆ ಬಾಗಿಲ ಹೊರಗೆ ಕಾಯುತ್ತಿದೆ."

"ಆ ದಿನಗಳು ಮುಗಿದುಹೋದವಲ್ಲಯ್ಯ! ಆಗಲೂ ಉಂಡಿದ್ದೇನೆ, ಮಿಂದಿದ್ದೇನೆ. ಈಗ ಅವಕ್ಕೆ ಗಂಟೆ ಹೊಡೆದರೆ ಯಾರಿಗೆ ಬೇಕು?"

ತಿಪ್ಪರಸ ಎದ್ದು ಕೈಮುಗಿದ. "ನಿನ್ನೆ ಹೊನ್ನಯ್ಯನೂ ಇದನ್ನೇ ಹೇಳಿದ ಪ್ರಭು. ಅವನ ಬಾಯಲ್ಲಿ ಅದು ಸೋಮಾರಿತನವಾಯಿತು. ಹೊಟ್ಟೆ ತುಂಬಿದವರ ಬಾಯಲ್ಲಿ ಬಂದರೆ ನ್ಯಾಯವಾದೀತು ಎಂದು ಬೆಳಗಿನಿಂದ ಕಾಯುತ್ತಿದ್ದೆ."

ಅರಸನಿಗೆ ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟಿಗೂ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಅವನು ಮೇಲೆ ನೋಡಿ ಕೂಗಿದ. "ಹೊನ್ನಯ್ಯಾ, ಹಳೆಯದೆಲ್ಲ ಬಿಟ್ಟೆ! ರಜೆಯಿಂದ ಬಂದವರು ಇನ್ನು ಮೇಲೆ ಬಂದ ದಿನದಿಂದಲೇ ಶುರು ಮಾಡಲಿ. ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಹೋಗು. ನಿನ್ನ ಹೆಂಡತಿ ಏಳುವವರೆಗೆ ಅರಮನೆಯಿಂದ ಊಟ ಬರುತ್ತದೆ. ಅಲ್ಲಿ ಬೇಕಾದಷ್ಟು ಉಳಿದಿದೆ."

"ನಿಮ್ಮ ಹೊಟ್ಟೆ ತಣ್ಣಗಿರಲಿ ಬುದ್ಧಿ," ಎಂದ ಹೊನ್ನಯ್ಯ ಮೇಲಿನಿಂದ. ಆಮೇಲೆ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿ ಕೇಳಿದ, "ಹಂಗಾದ್ರೆ ಇವತ್ತಿನ ಊಟದ ಗಂಟೆ ಹೊಡೀಲಾ?"

ಅರಸ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. "ಹೊಡಿ, ಹೊಡಿ. ಆದರೆ ತಿಪ್ಪರಸಾ, ಇವತ್ತಿನ ಊಟಕ್ಕೆ ನನಗೆ ರಜೆ ಕೊಟ್ಟುಬಿಡು."

"ಧಾರಾಳವಾಗಿ ತೆಗೆದುಕೊಳ್ಳಿ ಪ್ರಭು," ಎಂದ ತಿಪ್ಪರಸ. "ತಪ್ಪಿದ ಊಟವನ್ನು ನಾಳೆ ಬಂದು ತೀರಿಸುತ್ತೀರಷ್ಟೆ?"